ಎಡ ಹೆಗಲು ತುಸು ಇಳಿದ ಅಂಗಿ

ಮೊನ್ನೆ ದಾಂಡೇಲಿಯ ಜವಳಿ ಅಂಗಡಿಯಲ್ಲಿ ಕೋರಾ ಬಟ್ಟೆಯ ತಾನೊಂದನ್ನು ಬಿಚ್ಚಿ ಪರ್ರನೆ ಹರಿದರು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ದಿಂಬಿನ ಚೀಲಕ್ಕೆ ಬಟ್ಟೆ ತರಲು ಹೋದವನು ಏನೂ ಕೊಳ್ಳದೆ ಹೊರಗೆ ಬಂದು ನಿಂತೆ. ಹಳಿಯಾಳದ ಟೇಲರ್ ಕಾಕಾ ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು...

ನಾನು ದಿನಚರಿ ಬರೆಯುವವನು. ಮಳೆ ಯಾವತ್ತು ಹಿಡಿಯಿತು, ಯಾವತ್ತು ಬಿಟ್ಟಿತು, ಡಿಪೋಗೆ ಎಷ್ಟು ದಿಮ್ಮಿ ಬಂತು, ಎಲ್ಲಕ್ಕೂ ತಾರೀಖು ಹಾಕಿಡುತ್ತೇನೆ. ಕಾಕಾರ ವಿಷಯ ಮಾತ್ರ ಅಲ್ಲಿ ಅರ್ಧಂಬರ್ಧ ಇದೆ. ಬರೆಯಲು ಕೂತಾಗಲೆಲ್ಲ ಕೈ ತಡೆಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ನಾನು ಹಳಿಯಾಳದ ಮರದ ಡಿಪೋದಲ್ಲಿ ಕಾರಕೂನನಾಗಿ ಸೇರಿದ್ದೆ. ಕಾಕಾರ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯೇ ನನ್ನ ಬಿಡಾರ. ಜೂನ್ ಬಂತೆಂದರೆ ಕಾಡಿನ ದಾರಿಯೆಲ್ಲ ಕೆಸರಾಗಿ ಲಾರಿಗಳು ನಿಲ್ಲುತ್ತಿದ್ದವು. ನನಗೆ ಎಣಿಸಲು ದಿಮ್ಮಿ ಇಲ್ಲ, ಲಗ್ನದ ದಿನಗಳು ಮುಗಿದು ಕಾಕಾರಿಗೆ ಹೊಲಿಯಲು ಅರಿವೆ ಇಲ್ಲ. ಪೇಟೆಯ ಉಳಿದ ಟೇಲರ್‌ಗಳು ಮಷಿನ್‌ಗೆ ಗೋಣಿ ಹೊದಿಸಿ ತಮ್ಮ ಊರಿಗೆ ಹೋಗಿಬಿಡುತ್ತಿದ್ದರು. ಕಾಕಾ ಹೋಗುತ್ತಿರಲಿಲ್ಲ. ಬೇಸಿಗೆಯ ಗಳಿಕೆಯನ್ನೆಲ್ಲ ಕೋರಾ ಬಟ್ಟೆಗೆ ಸುರಿದು, ಮಳೆಗಾಲವಿಡೀ ಗಿರಾಕಿ ಇಲ್ಲದ ಅಂಗಿಗಳನ್ನು ಹೊಲಿದು ಒಟ್ಟುತ್ತಿದ್ದರು. ಮಳೆ ಬಿಟ್ಟ ಮೇಲೆ ಕಾಡು ಕಡಿಯಲು ಬರುವ ಕೂಲಿಗಳಿಗೆ ಅಳತೆ ಕೊಟ್ಟು ಕಾಯುವ ಪುರಸೊತ್ತು ಎಲ್ಲಿ? ವಾರದ ಸಂತೆಯಲ್ಲಿ ಸಿದ್ಧ ಅಂಗಿ ಸಿಕ್ಕರೆ ಅಲ್ಲೇ ತೊಟ್ಟು ನಡೆಯುತ್ತಿದ್ದರು.

ಮೊದಲ ವರ್ಷ ತಮ್ಮದೇ ಅಳತೆಗೆ ಹೊಲಿದು ಕಾಕಾ ಕೈ ಸುಟ್ಟುಕೊಂಡಿದ್ದರಂತೆ. ಹೊರುವವರ ಮೈಗೆ ಅದು ಕೂರಲಿಲ್ಲ. ಅರ್ಧಕ್ಕರ್ಧ ಅಂಗಿ ಬೂಷ್ಟು ಹಿಡಿದು ಹೋಯಿತು. ಆಮೇಲೆ ಅವರ ಕಣ್ಣಿಗೆ ಬಿದ್ದವನು ನಮ್ಮ ಡಿಪೋದ ಒಬ್ಬ ಹಮಾಲ. ದಪ್ಪವೂ ಅಲ್ಲ, ತೆಳುವೂ ಅಲ್ಲ. ದಿಮ್ಮಿಗೆ ಹೆಗಲು ಕೊಟ್ಟೂ ಕೊಟ್ಟೂ ಎಡ ಹೆಗಲು ಅರ್ಧ ಬೆರಳು ಇಳಿದಿತ್ತು. ಕಾಕಾ ಅವನ ಅಳತೆಯನ್ನು ಖಾಕಿ ಕಾಗದದಲ್ಲಿ ಕತ್ತರಿಸಿ ಕದದ ಹಿಂದಿನ ಮೊಳೆಗೆ ತೂಗುಹಾಕಿದರು. ಆ ಅಳತೆಯ ಅಂಗಿ ಎಲ್ಲ ಕೂಲಿಗಳಿಗೂ ಹೊಂದಿತು. ಅಂಗಡಿ ಕಾಲೂರಿ ನಿಂತಿತು.

"ನನ್ನ ಮೈ ಮ್ಯಾಲೆ ಅಂಗಡಿ ನಡಸ್ತೀರಿ, ಬಾಡಿಗಿ ಕೊಡ್ರಿ ಕಾಕಾ" ಎಂದು ಅವನು ನಗುತ್ತಿದ್ದ.

ಮರುವರ್ಷ ಮೊದಲ ಮಳೆಗೆ ಅವನು ಜೋಯಿಡಾ ಕಡೆಗೆ ಹೋದವನು ಕಾಳಿ ಹೊಳೆ ದಾಟುವಾಗ ಕೊಚ್ಚಿಹೋಗಿಬಿಟ್ಟ. ಹೆಣ ಸಿಗಲಿಲ್ಲ. ಅವನಿಗಿದ್ದವಳು ತಾಯಿ ಒಬ್ಬಳೇ. ಹೆಣ ಕಾಣದೆ ತಿಥಿ ಮಾಡುವುದಿಲ್ಲ ಎಂದು ಕೂತಳು. ಕಾಕಾ ಆಗಲೇ ಆ ಕಾಗದವಿಟ್ಟು ಬಟ್ಟೆಯನ್ನೆಲ್ಲ ಕತ್ತರಿಸಿಯಾಗಿತ್ತು. ಹೊಲಿಯದೆ ಬಿಟ್ಟರೆ ವರ್ಷದ ದುಡಿಮೆಯೇ ಹೋದಂತೆ. ಹೊಲಿದರು. ತೇವ ಹೋಗಲೆಂದು ಕೆಂಡದ ಬುಟ್ಟಿಯ ಮೇಲೆ ಹಗ್ಗ ಕಟ್ಟಿ ಅಂಗಿಗಳನ್ನು ಸಾಲಾಗಿ ನೇತುಹಾಕುತ್ತಿದ್ದರು. ಮಳೆಯ ಮಬ್ಬಿನಲ್ಲಿ ನಾನು ಒಳಗೆ ಬಂದರೆ ಎಡ ಹೆಗಲು ಇಳಿಸಿಕೊಂಡ ಬೆನ್ನುಗಳು ಸಾಲಾಗಿ ನಿಂತಿರುತ್ತಿದ್ದವು. ನಾನು ಬಗ್ಗಿ, ಯಾವುದಕ್ಕೂ ತಾಗದಂತೆ ನನ್ನ ಕೋಣೆಗೆ ದಾಟುತ್ತಿದ್ದೆ...

ಮಳೆ ಬಿಟ್ಟ ಮೇಲಿನ ಮೊದಲ ಸಂತೆಯಲ್ಲೇ ಅಂಗಿಗಳು ಭರದಿಂದ ಹೋದವು. ತೊಟ್ಟವರು, ಎಲ್ಲಿಂದಲೋ ಬಂದವರು, ಅವನನ್ನು ಕಂಡೂ ಅರಿಯದವರು, ಅವನಂತೆಯೇ ಒಂದು ಬದಿಗೆ ವಾಲಿ ನಿಲ್ಲುತ್ತಿದ್ದರು. ತಾಯಿ ಸಂತೆಗೆ ಬಂದಿದ್ದಳು. ಒಬ್ಬನ ಹಿಂದೆ ನಡೆದು ಬೆನ್ನು ಮುಟ್ಟಿದಳು. ಅವನು ತಿರುಗಿದ. ಅವಳು ಇನ್ನೊಬ್ಬನ ಹಿಂದೆ ನಡೆದಳು. ದಿನಚರಿಯಲ್ಲಿ ಆ ದಿನ ನಾನು ಬರೆದದ್ದು 'ಸಂತೆ. ಬಿಸಿಲು' ಎಂದಷ್ಟೇ.

ತಾಯಿ ಪ್ರತಿ ಸಂತೆಗೂ ಬರತೊಡಗಿದಳು. ಮೂರು ನಾಲ್ಕು ವಾರಕ್ಕೆ ಅದು ಸತ್ತವನ ಅಂಗಿ ಎಂಬ ಮಾತು ಹಬ್ಬಿತು. ಕೊಂಡವರು ತಂದು ಕಾಕಾರ ಮುಂದೆ ಒಗೆದರು. ಇನ್ನೂ ದೊಡ್ಡ ಗಂಟು ಮಾರದೆ ಉಳಿದಿತ್ತು. ಕಾಕಾ ವಾರವಿಡೀ ಕೂತು ಒಂದೊಂದೇ ಅಂಗಿಯ ಎಡ ಹೆಗಲಿನ ಹೊಲಿಗೆ ಬಿಚ್ಚಿ, ಮೇಲೆತ್ತಿ, ಬಲದ ಸಮಕ್ಕೆ ಹೊಲಿದರು. ಕುತ್ತಿಗೆಯ ಹತ್ತಿರ ಸುಕ್ಕು ನಿಂತಿತು. ತುಸು ಕಡಿಮೆ ದರಕ್ಕೆ ಕೊಟ್ಟರು. ಜನ ಗೊಣಗುತ್ತ ಕೊಂಡರು. ಗಂಟು ಕರಗಿತು, ಅಂಗಡಿ ಉಳಿಯಿತು.

ಹೆಗಲು ಸಮಮಾಡಿದ ಅಂಗಿಗಳು ಹೋದ ಸಂತೆಯ ದಿನ ತಾಯಿ ಬೆಳಗಿನಿಂದ ಅಂಗಿಗಳ ನಡುವೆ ತಿರುಗಿದಳು. ಯಾರ ಹಿಂದೆಯೂ ಹೋಗಲಿಲ್ಲ. ಹೊತ್ತು ಇಳಿದ ಮೇಲೆ ಅಂಗಡಿಯ ಕಟ್ಟೆಗೆ ಬಂದು ಕೂತು, ಬಹಳ ಮೆಲ್ಲಗೆ ಕೇಳಿದಳು.

"ತಮ್ಮಾ, ಎಲ್ಲಿ ಕಳಿಸಿದಿ ಅವನ್ನ?"

ಕಾಕಾರ ಕಾಲು ಮಷಿನ್ ಮೇಲೆ ನಿಂತುಹೋಯಿತು.

"ವಾರಕ್ಕೊಮ್ಮೆ ಅವನ ಬೆನ್ನರೆ ಕಾಣ್ತಿತ್ತು" ಎಂದಳು. ಎದ್ದು ಹೋದಳು.

ಕಾಕಾ ಕಾಗದದ ಅಳತೆಯನ್ನು ಮೊಳೆಯಿಂದ ಇಳಿಸಿ ಒಂದೇ ಒಂದು ಅಂಗಿ ಕತ್ತರಿಸಿದರು. ಮುಂದಿನ ಸಂತೆಯಲ್ಲಿ, ಗಿರಾಕಿಗಳು ಮುತ್ತುವ ಹೊತ್ತಿಗೆ ಸರಿಯಾಗಿ, ಅದನ್ನು ತಾವೇ ತೊಟ್ಟು, ವ್ಯಾಪಾರದ ಮುಂದೆ ನನ್ನನ್ನು ಕೂರಿಸಿ ಎದ್ದರು. ಮೆಣಸಿನಕಾಯಿ ಸಾಲಿನಿಂದ ಹಿಡಿದು ಬಂಡಿ ನಿಲ್ಲುವ ಬಯಲಿನವರೆಗೆ ಸಂತೆಯ ಉದ್ದಕ್ಕೂ ನಡೆದರು. ಹಿಂದೆ ತಿರುಗಲಿಲ್ಲ. ತಾಯಿ ಹತ್ತು ಹೆಜ್ಜೆ ಹಿಂದೆ ನಡೆದಳು, ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಕಾಕಾ ಬೇರೆ ದಾರಿಯಿಂದ ಒಬ್ಬರೇ ವಾಪಸು ಬಂದರು.

ಅದು ಪ್ರತಿ ಸಂತೆಗೂ ನಡೆಯಿತು. ವ್ಯಾಪಾರದ ಹೊತ್ತಿನ್ಯಾಗ ಯಾಕ ಹೋಗ್ತೀರಿ ಎಂದು ಒಮ್ಮೆ ಕೇಳಿದೆ.

"ಬಾಡಿಗಿ ಕೇಳಿದ್ನಲ್ಲ ಅವ" ಎಂದರು.

ವರ್ಷ ಕಳೆದಂತೆ ಅಂಗಿ ತೊಡದ ದಿನವೂ ಕಾಕಾರ ಎಡ ಹೆಗಲು ಇಳಿದೇ ಇರತೊಡಗಿತು. ಒಂದು ದಿನ ಡಿಪೋದ ಮುಂದೆ ಅವರನ್ನು ಹಿಂದಿನಿಂದ ಕಂಡ ಹಮಾಲನೊಬ್ಬ ಮರೆತು ಹೊಳೆಪಾಲಾದ ಆ ಹುಡುಗನ ಹೆಸರು ಹಿಡಿದು ಕೂಗಿದ. ಕೂಗಿದವನು ನಾಲಿಗೆ ಕಚ್ಚಿಕೊಂಡ. ಕಾಕಾ ಮಾತ್ರ ನಡೆಯುತ್ತಲೇ "ಓ" ಎಂದರು. ಅದು ಕಾಕಾರ ದನಿಯಲ್ಲ ಎಂದು ನನಗನಿಸಿತು. ಅನಿಸಿದ್ದಷ್ಟೇ...

ನನಗೆ ದಾಂಡೇಲಿಗೆ ವರ್ಗವಾಯಿತು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ.

ಮೊನ್ನೆಯ ವಾಸನೆ ಬಿಡಲೊಲ್ಲದಾಗಿ, ಸಂತೆಯ ದಿನ ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆ. ಅಂಗಡಿಯಲ್ಲಿ ಈಗ ಯಾರೋ ಗಡಿಗೆ ಮಾರುತ್ತಾರೆ. ಮೆಣಸಿನಕಾಯಿ ಸಾಲಿನ ತುದಿಯಲ್ಲಿ ಆ ತಾಯಿ ನಿಂತಿದ್ದಳು. ತೀರ ಮುದುಕಿಯಾಗಿದ್ದಳು. ಹೋಗುವವರ ಬೆನ್ನನ್ನು ಒಂದೊಂದಾಗಿ ನೋಡುತ್ತಿದ್ದಳು. ನನ್ನ ಗುರುತು ಹತ್ತಲಿಲ್ಲ. ಮಾತಾಡಿಸಬೇಕೆಂದುಕೊಂಡವನು ಅವಳನ್ನು ದಾಟಿ ಮುಂದೆ ಬಂದೆ. ನಿಂತೆ. ಎಡ ಹೆಗಲನ್ನು ತುಸು ಇಳಿಸಿದೆ. ನಡೆದೆ.

ಸಂತೆಯ ಗದ್ದಲದಲ್ಲಿ ಹಿಂದೆ ಬರುವ ಬರಿಗಾಲಿನ ಸದ್ದು ಕೇಳಿಸುವುದಿಲ್ಲ. ಆದರೆ ಎದುರಿಗೆ ಬರುವವರು ನನ್ನ ಮುಖ ನೋಡದೆ, ನನ್ನ ಹಿಂದೆ ನೋಡಿ ದಾರಿ ಬಿಡುತ್ತಿದ್ದರು. ಬಂಡಿ ನಿಲ್ಲುವ ಬಯಲು ಬಂತು. ಅಲ್ಲಿಂದ ಮುಂದೆ, ಅವಳಿಗೆ ಮುಖ ತೋರದೆ, ಎತ್ತ ಹೋಗುತ್ತಿದ್ದರು ಎಂದು ಕಾಕಾರನ್ನು ನಾನು ಯಾವತ್ತೂ ಕೇಳಿರಲಿಲ್ಲ.