ಯಾಕೆ ಎಂದು ಕೂಗುತ್ತಿದ್ದ ಗುರುಶಾಂತಪ್ಪ

ಹಗ್ಗದ ಅಂಗಡಿಯ ಗುರುಶಾಂತಪ್ಪನವರಿಗೆ ಧಿಕ್ಕಾರ ಕೂಗಲು ಬರುತ್ತಿರಲಿಲ್ಲ. ಸೊರಬದ ತಾಲ್ಲೂಕು ಕಚೇರಿಯ ಮುಂದೆ ಮೊದಲ ಸಲ ಧರಣಿ ಕೂತಾಗ, ಅವರು ಎದ್ದು ನಿಂತು, ಕತ್ತಿನ ನರ ಉಬ್ಬಿಸಿ ಕೂಗಿದ್ದು ಒಂದೇ ಮಾತು: "ಯಾಕೆ?"

ಹಿಂದಿದ್ದವರೆಲ್ಲ ಗಲಿಬಿಲಿಯಾದೆವು. ಜೈ ಅಂದರೆ ಜೈ ಅನ್ನಬಹುದು, ಯಾಕೆ ಅಂದರೆ ಏನನ್ನುವುದು? ಅವರು ಇನ್ನೊಮ್ಮೆ ಕೂಗಿದರು. ಯಾರೋ ಹೆಂಗಸು ತೋಚದೆ "ಹೇಳ್ರೀ!" ಅಂದಳು. ಅದೇ ನಮ್ಮ ಘೋಷಣೆಯಾಗಿಬಿಟ್ಟಿತು. ತಹಶೀಲ್ದಾರರು ಹೊರಬಂದು ಏನು ಬೇಕೆಂದು ಕೇಳಿದಾಗ ಗುರುಶಾಂತಪ್ಪ ಕೈಮುಗಿದು, "ಏನೂ ಬ್ಯಾಡ್ರಿ ಸಾಹೇಬ್ರೆ. ಕಾನು ಯಾಕೆ ಕಡಿತೀರಿ ಅಂತ ಹೇಳಿದ್ರೆ ಸಾಕು, ಮನಿಗೆ ಹೋಗ್ತೀವಿ," ಎಂದರು. ಸಾಹೇಬರು ಒಳಗೆ ಹೋದವರು ಮತ್ತೆ ಹೊರಗೆ ಬರಲೇ ಇಲ್ಲ.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರು ಅವರ ಅಂಗಡಿ. ಪಕ್ಕದಲ್ಲೇ ನನ್ನ ಎಸ್‌ಟಿಡಿ ಬೂತ್. ಅವರ ಹೆಂಡತಿ ಗಿರಿಜಕ್ಕನ ತವರು ಸೊರಬದ ಕಡೆಯ ಹಳ್ಳಿ. ಅಲ್ಲಿ ಊರಿಗೊಂದರಂತೆ ದಟ್ಟವಾದ ಹಳೆಯ ಕಾಡುಗಳಿದ್ದವು, ಅವಕ್ಕೆ ಕಾನು ಎನ್ನುತ್ತಾರೆ. ಆ ಊರಿನ ಗದ್ದೆಗೂ ಕುಡಿಯುವುದಕ್ಕೂ ಕಾನಿನಿಂದ ಇಳಿಯುವ ಹಳ್ಳದ ನೀರೇ ಗತಿ. ಅದನ್ನೆಲ್ಲ ಸವರಿ ಅಕೇಶಿಯಾ ನೆಡುತ್ತಾರೆಂಬ ಸುದ್ದಿ ಬಂದದ್ದೇ, ಅಳಿಯ ಎದ್ದು ನಿಂತ. ಹೆಂಡತಿಯ ತವರಿಗಾಗಿ ಇಷ್ಟು ಓಡಾಡುವ ಗಂಡಸು ಶಿಕಾರಿಪುರದಲ್ಲಿ ಇನ್ನೊಬ್ಬನಿಲ್ಲ ಎಂದು ಪೇಟೆಯವರೆಲ್ಲ ಕಾಲೆಳೆಯುತ್ತಿದ್ದರು.

ಗಿರಿಜಕ್ಕ ಮಾತ್ರ ಒಪ್ಪುತ್ತಿರಲಿಲ್ಲ. "ತವರೂ ಇಲ್ಲ ಎಂತದೂ ಇಲ್ಲ ಮಾರಾಯ್ತಿ. ಮದುವೆಯಾದ ಹೊಸ್ತರಲ್ಲಿ ಇವ್ರು ಕಾನಲ್ಲಿ ದಾರಿ ತಪ್ಪಿ ಕೂತಿದ್ರು. ಹುಡುಕ್ಕೊಂಡು ಹೋದ ನಮ್ಮಣ್ಣನ್ನ ನೋಡಿ, ಇಷ್ಟು ಬೇಗ ಯಾಕೆ ಬಂದ್ರಿ ಅಂದ್ರಂತೆ!" ಎಂದು ನಗುತ್ತಿದ್ದರು. ಬಯಲಿನಲ್ಲಿ ಬೆಳೆದ ಮನುಷ್ಯ, ನಡುಮಧ್ಯಾಹ್ನ ಅಷ್ಟು ತಂಪನ್ನು ಎಲ್ಲಿ ಕಂಡಿದ್ದರು?

ಬೆಂಗಳೂರಿಗೆ ಫೋನ್ ಮಾಡುವುದಿದ್ದರೆ ಅವರು ಚಪ್ಪಲಿ ಹೊರಗೆ ಬಿಟ್ಟು ಬೂತಿನೊಳಗೆ ಬರುತ್ತಿದ್ದರು. "ಚಪ್ಲಿ ಹಾಕ್ಕೊಂಡೇ ಮಾತಾಡ್ರಿ, ಮಂತ್ರಿಗಳಿಗೆ ಕಾಣಲ್ಲ," ಎಂದು ನಾನು ಛೇಡಿಸಿದರೂ ಕೇಳುತ್ತಿರಲಿಲ್ಲ. ಮಂತ್ರಿಗಳ ಕಡೆಯವರು, ಕಾನು ಉಳಿಯಲೇಬೇಕು ಅನ್ನುತ್ತಿದ್ದರು. ಶಾಸಕರಿಗೆ ಮಾಡಿದರೆ ಅವರೂ ಅದನ್ನೇ ಹೇಳುತ್ತಿದ್ದರು. ಚುನಾವಣೆ ಬಂದಾಗ ಎರಡೂ ಪಕ್ಷದವರು ಕಾನಿನ ಒಂದೇ ಮರವನ್ನು ತಬ್ಬಿಕೊಂಡು ಫೋಟೋ ಹೊಡೆಸಿಕೊಂಡರು. ಆದರೆ ಪ್ರತಿ ಸಲ ತವರಿಗೆ ಹೋಗಿ ಬಂದಾಗಲೂ ಗಿರಿಜಕ್ಕ, ಇನ್ನೊಂದಿಷ್ಟು ಹೋಯ್ತು ಅನ್ನುತ್ತಿದ್ದರು.

ಒಂದು ದಿನ ಗುರುಶಾಂತಪ್ಪ ರಿಸೀವರ್ ಕೆಳಗಿಟ್ಟು, ಅಲ್ಲೇ ಸ್ಟೂಲಿನ ಮೇಲೆ ಕೂತರು. "ಎಲ್ಲಾರೂ ನಮ್ ಕಡೀನೇ ಅದಾರಲ್ಲ ತಂಗಿ. ಹಂಗಾರೆ ಕಡಿಯೋರು ಯಾರು?"

ನನಗೂ ತಲೆ ಕೆಟ್ಟಿತ್ತು. ಎದುರಿಗೆ ಒಬ್ಬನಾದರೂ ನಿಂತಿದ್ದರೆ ಬೈಯಬಹುದಿತ್ತು.

ಕೊನೆಗೆ ಮಂತ್ರಿಗಳೇ ಬಂದರು. ಕಾನಿನ ಅಂಚಿನಲ್ಲಿ ವನಮಹೋತ್ಸವ, ಗುರುಶಾಂತಪ್ಪನವರಿಗೆ ಸನ್ಮಾನ. ಅವರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಹೊರಟರು, ನಾನೂ ಗಿರಿಜಕ್ಕನ ಜೊತೆ ಹೋದೆ. ಹೋಗಿ ನೋಡಿದರೆ ಪೆಂಡಾಲಿಗೆ, ಕಾರು ನಿಲ್ಲಿಸುವುದಕ್ಕೆ ಎಂದು ಹಳ್ಳದವರೆಗೂ ಬೋಳು ಮಾಡಿದ್ದರು. ಕಡಿದ ಬೊಡ್ಡೆಗಳ ಮೇಲೆ ಜನ ಆರಾಮಾಗಿ ಕೂತಿದ್ದರು. ಮಂತ್ರಿಗಳು ಶಾಲು ಹೊದಿಸಿ, ಈ ಕಾನು ಉಳಿದದ್ದೇ ಇವರಿಂದ ಎಂದು ಭಾಷಣ ಮಾಡಿ, ನೆಡಲು ಒಂದು ಸಸಿ ಕೊಟ್ಟರು. ಅದು ಅಕೇಶಿಯಾ.

ಗುರುಶಾಂತಪ್ಪ ಸಸಿಯನ್ನು ನೋಡಿದರು, ಬೊಡ್ಡೆಗಳನ್ನು ನೋಡಿದರು. ಮಂತ್ರಿಗಳು ನೀರಿನ ಕೊಡ ಹಿಡಿದು ಕಾಯುತ್ತಿದ್ದರು. ಮೈಕಿನಲ್ಲಿ ಗುರುಶಾಂತಪ್ಪನವರ ದನಿ ಮೆಲ್ಲಗೆ ಕೇಳಿತು: "ಯಾಕೆ?"

ಜನಕ್ಕೆ ಅಭ್ಯಾಸವಾಗಿತ್ತು. ಕೂತಲ್ಲಿಂದಲೇ ಒಕ್ಕೊರಲಿನಿಂದ "ಹೇಳ್ರೀ!" ಎಂದರು. ತಮಗೇ ಜೈಕಾರ ಹಾಕಿದರೆಂದು ಮಂತ್ರಿಗಳು ನಗುತ್ತಾ ಕೈ ಬೀಸಿದರು. ಚಪ್ಪಾಳೆ ಬಿತ್ತು. ನಾನೂ ಚಪ್ಪಾಳೆ ತಟ್ಟಿದೆ, ಯಾಕೆ ತಟ್ಟಿದೆನೋ ಇವತ್ತಿಗೂ ಗೊತ್ತಿಲ್ಲ.

ಅವರು ಸಸಿ ನೆಡಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಇಳಿದವರೇ ಚಪ್ಪಲಿ ಬಿಟ್ಟು ಬೂತಿಗೆ ಬಂದು ಫೋನ್ ಎತ್ತಿದರು. ನನ್ನ ಕಡೆ ತಿರುಗಿ, "ಯಾರಿಗೆ ಮಾಡ್ಲಿ ತಂಗಿ?" ಎಂದರು. ನನಗೆ ಅಳು ಬಂತು.

ಆ ಸಸಿಯನ್ನು ನೆಡಲು ಅವರಿಗೆ ಮನಸ್ಸಿಲ್ಲ, ಎಸೆಯಲು ಜೀವ ಒಪ್ಪದು. ಪ್ಲಾಸ್ಟಿಕ್ ಚೀಲದ ಸಮೇತ ಅಂಗಡಿಯ ಮೆಟ್ಟಿಲ ಪಕ್ಕ ಇಟ್ಟು, ದಿನಾ ಬಯ್ಯುತ್ತಲೇ ನೀರು ಹಾಕುತ್ತಿದ್ದರು. "ಕುಡಿ, ನಿನ್ನದೇನೈತೆ ತಪ್ಪು," ಅನ್ನುತ್ತಿದ್ದರು. ಅತ್ತ ಹಳ್ಳದ ಆಚೆಗಿನ ಕಾನೂ ಹೋಯಿತು. ಹಳ್ಳ ಬೇಸಿಗೆಗೆ ಮುಂಚೆಯೇ ಬತ್ತಲು ಶುರುವಾಯಿತು. ಮತ್ತೆ ಧರಣಿಗೆ ಕರೆದರೆ ಜನ ಬರಲಿಲ್ಲ. ಸನ್ಮಾನ ಆಯ್ತಲ್ರೀ, ಇನ್ನೇನು, ಎಂದರು.

ಕೆಲವು ವರ್ಷ ಕಳೆದ ಮೇಲೆ, ಎದೆನೋವು ಎಂದು ಶಿವಮೊಗ್ಗದ ಆಸ್ಪತ್ರೆಗೆ ಹೋದ ಗುರುಶಾಂತಪ್ಪ ಜೀವಂತವಾಗಿ ಮರಳಲಿಲ್ಲ. ಅಂಗಡಿಗೆ ಬೀಗ ಬಿತ್ತು. ಅಷ್ಟರಲ್ಲಾಗಲೇ ಸಸಿ ಚೀಲ ಹರಿದು ಚರಂಡಿಯ ಅಂಚಿನಲ್ಲಿ ಬೇರು ಬಿಟ್ಟು, ಕಂಬದ ತಂತಿಯವರೆಗೆ ಬೆಳೆದಿತ್ತು. ಹೋದ ಮಳೆಗಾಲಕ್ಕೆ ಮುಂಚೆ ಲೈನ್‌ಮನ್ ಕೊಡಲಿ ತಂದ. ನಾನು ಬೂತಿನಿಂದ ಓಡಿ ಬಂದೆ.

"ಯಾಕ್ರೀ?"

ಅವನು ತಲೆಯೆತ್ತಿ ನೋಡಿದ. "ವೈರಿಗೆ ತಾಗ್ತೈತೆ ಅಕ್ಕಾರೆ. ಗಾಳಿ ಬಂದ್ರೆ ಕರೆಂಟು ಹೋಗ್ತೈತೆ. ಅದ್ಕೆ."

ಗುರುಶಾಂತಪ್ಪನವರು ಅಷ್ಟು ವರ್ಷ ಕೂಗಿದರೂ ಸಿಗದ ಉತ್ತರ ನನಗೆ ಕೇಳಿದ ಕೂಡಲೇ ಸಿಕ್ಕಿತ್ತು. ಉತ್ತರ ಹೇಳಿದರೆ ಮನೆಗೆ ಹೋಗುತ್ತೇವೆ ಎಂಬುದು ಅವರದೇ ಮಾತು. ನನಗೆ ಹೋಗಲಾಗಲಿಲ್ಲ. ಅವನು ಕೊಡಲಿ ಹಿಡಿದುಕೊಂಡು ಕಾಯುತ್ತಿದ್ದ, ನಾನು ಆ ಅಕೇಶಿಯಾದ ಬುಡಕ್ಕೆ ಬೆನ್ನು ಕೊಟ್ಟು ನಿಂತೇ ಇದ್ದೆ.