ವೈರಿಲ್ಲದ ಪ್ರಿಂಟರೂ ಅರಿಶಿಣವೂ

ಬೆಳಿಗ್ಗೆ ಅಂಗಳಕ್ಕೆ ನೀರು ಹೊಡೆದೆ. ಜೋಳ ಹಸನು ಮಾಡಿ ಗಿರಣಿಗೆ ಹಾಕಿಸಿದೆ. ಗ್ಯಾಸಿನವನ ದಾರಿ ಕಾದೆ, ಬರಲಿಲ್ಲ. ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದೆ. ಮಧ್ಯಾಹ್ನ ಓಣಿಯ ಮಗುವೊಂದಕ್ಕೆ ಬಣ್ಣ ತುಂಬಲೆಂದು ನವಿಲಿನ ಚಿತ್ರ ಪ್ರಿಂಟ್ ತೆಗೆದೆ. ಕಾಗದ ಬಿಸಿಬಿಸಿಯಾಗಿ ಹೊರಗೆ ಬಂತು. ಆ ವಾಸನೆ ನಿಮಗೂ ಗೊತ್ತಿರಬೇಕು, ಸುಟ್ಟ ಹಪ್ಪಳದ ದೂರದ ಸಂಬಂಧಿಯಂಥದ್ದು. ಅದು ಮೂಗಿಗೆ ಬಡಿದದ್ದೇ ನಮ್ಮ ಮೊದಲನೇ ಪ್ರಿಂಟರ್ ನೆನಪಾಯಿತು.

ಕೊಟ್ಟೂರಿನಲ್ಲಿ ಆಗಿನ್ನೂ ಬ್ರಾಡ್‌ಬ್ಯಾಂಡ್ ಹೊಸದು. ಹೈಸ್ಕೂಲ್ ಮೇಷ್ಟ್ರಾದ ನಮ್ಮವರು ದಾವಣಗೆರೆಯಿಂದ ಬಸ್ಸಿನಲ್ಲಿ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ತಂದರು. ಹರಪನಹಳ್ಳಿಯಲ್ಲಿ ಯಾರೋ ಮಗುವನ್ನು ಕೂರಿಸಿಕೊಳ್ಳಿ ಎಂದರೆ, "ಆಗಲೇ ಒಂದು ಕೂತೈತಿ" ಅಂದರಂತೆ.

"ವೈರ್ ಇಲ್ಲದ್ದು ಇದು, ತಿಳೀತಾ?" ಎಂದು ಮನೆಯಲ್ಲಿ ಎಲ್ಲರಿಗೂ ತೋರಿಸಿದರು.

ನಮ್ಮತ್ತೆ ಸುತ್ತಲೂ ನೋಡಿ, ಕರೆಂಟಿನ ವೈರು ಹಿಡಿದೆತ್ತಿ, "ಹಂಗಾರ ಇದೇನಲೇ?" ಎಂದು ಕೇಳಿದರು.

ಅದನ್ನು ಹೂಡುವುದೇ ಒಂದು ವ್ರತವಾಯಿತು. ಟೆಲಿಫೋನಿನ ತಂತಿ ಗೋಡೆ ಕೊರೆದು ಒಳಬಂದದ್ದು ದೇವರ ಮನೆಗೆ. ಹೀಗಾಗಿ ವೈಫೈ ಡಬ್ಬಿ ದೇವರ ಜಗಲಿಯ ಪಕ್ಕದಲ್ಲೇ ಕೂತಿತ್ತು. ಪ್ರಿಂಟರಿನ ಗುಂಡಿ ಒತ್ತಿ, ಕೂಡಲೇ ಆ ಡಬ್ಬಿಯ ಗುಂಡಿಯನ್ನೂ ಒತ್ತಬೇಕು. ಸ್ನಾನವಾಗದವರು ಜಗಲಿ ಮುಟ್ಟುವಂತಿಲ್ಲ, ನಮ್ಮವರದು ಆಗಿರಲಿಲ್ಲ. ಕೊನೆಗೆ ಅತ್ತೆಯೇ ಪೂಜೆ ನಡುವೆ ಎಡಗೈಯಲ್ಲಿ ಗಂಟೆ ಬಾರಿಸುತ್ತ ಬಲಗೈಯಲ್ಲಿ ಗುಂಡಿ ಒತ್ತಿದರು. ಒಂದೇ ಸಲಕ್ಕೆ ಕೂಡಿಕೊಂಡಿತು.

ಮೊದಲ ಕೆಲಸ ನಮ್ಮ ತಂಗಿಯ ಮನೆಯ ಗೃಹಪ್ರವೇಶದ ಕಾರ್ಡು. ಶುಭಪತ್ರದ ನಾಲ್ಕು ಮೂಲೆಗೂ ಅರಿಶಿಣ ಹಚ್ಚುವುದು ನಮ್ಮ ಕಡೆ ಪದ್ಧತಿ. ಅತ್ತೆ ಎಣ್ಣೆಯಲ್ಲಿ ಅರಿಶಿಣ ಕಲಸಿ, ಖಾಲಿ ಕಾಗದಕ್ಕೇ ಮೊದಲು ಹಚ್ಚಿ ಇಟ್ಟಿದ್ದರು. ಅಚ್ಚಾದ ಮೇಲೆ ಹಚ್ಚಿದರೆ ಹಸಿ ಮಸಿ ಅಳಿಸೀತು ಎಂಬ ಮುನ್ನೆಚ್ಚರಿಕೆ. ಕಾರ್ಡು ಚೆನ್ನಾಗಿಯೇ ಬಂದವು. ಪ್ರಿಂಟರಿನ ಹೊಟ್ಟೆಯೊಳಗಿನ ಉರುಳೆಗಳು ಎಷ್ಟು ಅರಿಶಿಣ ಬಳಿದುಕೊಂಡವೋ ಯಾರೂ ಇಣುಕಲಿಲ್ಲ.

ಅದೇ ವಾರ ಪಕ್ಕದ ಮನೆಯ ಕೊಟ್ರಪ್ಪನವರು ತೀರಿಕೊಂಡರು. ಸೈಕಲ್ ಶಾಪಿನವರು, ಮಕ್ಕಳಿಲ್ಲ. ಹೆಂಡತಿ ಶಾಂತಕ್ಕ ಮತ್ತು ನಮ್ಮತ್ತೆ ಮಧ್ಯಾಹ್ನವಾದರೆ ಒಂದೇ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುವವರು. ಪ್ರೆಸ್ಸಿನವರು ಊರಲ್ಲಿರಲಿಲ್ಲ. ಕೊಟ್ರಪ್ಪನವರ ತಮ್ಮ ತಿಥಿಯ ಕಾರ್ಡಿಗಾಗಿ ಬಂದು, "ಮೇಷ್ಟ್ರ, ಶಿವಗಣಾರಾಧನಿ ಕಾರ್ಡ್ ನಿಮ್ಮಲ್ಲೇ ಆಕ್ಕೈತೇನ್ರಿ?" ಎಂದರು.

ಆಗದೇ ಏನು? ವೈರಿಲ್ಲವೆಂದು ತೋರಿಸಲು ನಮ್ಮವರು ಬೇಕೆಂದೇ ಪಡಸಾಲೆಯಲ್ಲಿ ಕೂತು ಒತ್ತಿದರು. ಒಳಕೋಣೆಯಲ್ಲಿ ಪ್ರಿಂಟರ್ ತನ್ನಷ್ಟಕ್ಕೆ ತಾನೇ ಉಗುಳುತ್ತಿತ್ತು. ಅತ್ತೆ ಕಾಗದಗಳನ್ನು ಮಡಿಚಿ ಕೊಟ್ಟರು. ಮೂಲೆಯಲ್ಲಿ ಹಳದಿ ಇರುವುದು ಅವರ ಕಣ್ಣಿಗೆ ರೂಢಿ. ದುಃಖದಲ್ಲಿದ್ದ ತಮ್ಮ ನೋಡದೇ ಒಯ್ದು ಊರೂರಿಗೆ ಹಂಚಿದರು.

ಆರಾಧನೆಯ ಹಿಂದಿನ ಸಂಜೆ ಬಾಗಳಿಯಿಂದ ಕೊಟ್ರಪ್ಪನವರ ಹಳೆಯ ಗೆಳೆಯ ಬಂದ. ಹೊಸ ಧೋತ್ರ, ಕೈಯಲ್ಲಿ ಹಡಗಲಿ ಮಲ್ಲಿಗೆ ಹಾರ. ಆತನಿಗೆ ಓದು ಬಾರದು. ಕೊಟ್ಟೂರಿನ ಕೊಟ್ರಪ್ಪನ ಮನೆ ಕಾರ್ಡು ಎಂದಷ್ಟೇ ಕೇಳಿ, ಮೂಲೆಯ ಅರಿಶಿಣ ಕಂಡು ಜಗಲಿಯ ಮೇಲಿಟ್ಟು ಕೈಮುಗಿದು ಹೊರಟಿದ್ದ. ನಮ್ಮ ಬಾಗಿಲಲ್ಲೇ ನಿಂತು, "ಯಮ್ಮಾ, ಕೊಟ್ರ ಈ ವಯಸ್ಸಿನ್ಯಾಗ ಯಾರ ಮದುವಿ ಇಟ್ಕೊಂಡಾನ?" ಎಂದ.

ನಮ್ಮವರು ಆ ಕಾರ್ಡು ಇಸಿದುಕೊಂಡು ನೋಡಿದರು. ಆಮೇಲೆ ಪ್ರಿಂಟರಿನ ಮುಚ್ಚಳ ತೆಗೆದು ನೋಡಿದರು. ಅತ್ತೆಗೆ ಹೇಳಲೇಬೇಕಾಯಿತು. ಅವರು ಗೋಡೆಗೆ ಒರಗಿ, "ಗಂಡನ್ನ ಕಳಕೊಂಡಾಕಿ. ಅಕಿ ಮುಂದ ಇನ್ನ ಯಾವ ಮಾರಿ ಇಟ್ಕೊಂಡು ಕುಂದ್ರಲಿ?" ಎಂದು ಕಣ್ಣೊರೆಸಿಕೊಂಡರು. ಆ ಕಟ್ಟೆ ಹೋದರೆ ಅವರಿಗೆ ಇನ್ನೊಂದು ಇರಲಿಲ್ಲ. ನಾನೇ ಕೈಹಿಡಿದು ಕರೆದುಕೊಂಡು ಹೋದೆ. ಸಾವಿನ ಸುದ್ದಿ ಆಗಷ್ಟೇ ತಿಳಿದ ಗೆಳೆಯ ಹಾರ ಹಿಡಿದು ಅಳುತ್ತ ಹಿಂದೆ ಬಂದ.

ಶಾಂತಕ್ಕ ಎಲ್ಲ ಕೇಳಿದರು. ಒಂದು ಕಾರ್ಡು ತೆಗೆದು ದೀಪದ ಹತ್ತಿರ ಹಿಡಿದು ನಾಲ್ಕೂ ಮೂಲೆ ನೋಡಿದರು.

"ಮಕ್ಕಳಿದ್ದವರ ಹೆಸರು ಲಗ್ನಪತ್ರದಾಗ ಬರ್ತಾವ, ಯಕ್ಕಾ. ನಮ್ಮ ಮನೆಯವ್ರ ಹೆಸರು ಅಚ್ಚಾಗಿದ್ದು ಇದೊಂದರಾಗ. ಅರಿಶಿಣ ಇರ್ಲಿ ಬಿಡ್ರಿ." ಆಮೇಲೆ ಬಾಗಳಿಯವನ ಕಡೆ ತಿರುಗಿ, "ಹಾರ ತಾರಪ್ಪಾ. ಬಾಡಿಸ್ತೀಯೇನು?" ಎಂದರು. ಹಾರವನ್ನು ಗಂಡನ ಫೋಟೋಗೆ ತಾವೇ ಹಾಕಿದರು.

ಇಷ್ಟು ವರ್ಷ ಇದನ್ನು ಪ್ರಿಂಟರಿನ ಕಥೆಯೆಂದೇ ಹೇಳಿ ನಗಿಸುತ್ತ ಬಂದಿದ್ದೇನೆ. ಅತ್ತೆ ಈಗಿಲ್ಲ. ಆ ಕಾರ್ಡು ಒಂದನ್ನಾದರೂ ನಾವು ತೆಗೆದಿಡಬೇಕಿತ್ತು ಎಂದು ಇವತ್ತೇ ಅನ್ನಿಸಿದ್ದು. ಸಂಜೆ ಶಾಂತಕ್ಕನನ್ನು ಕೇಳಿದೆ.

"ನನ್ನತ್ರ ಐತಿ," ಎಂದರು. "ಕೊಡಂಗಿಲ್ಲ."

ರಾತ್ರಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ ಅನ್ನ. ಶಾಂತಕ್ಕ ರೊಟ್ಟಿ ದಪ್ಪ ಆಗೇತಿ ಎಂದು ಬೈದು ಇನ್ನೊಂದು ಹಾಕಿಸಿಕೊಂಡರು. ಉಂಡು, ದಿನದಂತೆ ಅತ್ತೆ ಮಲಗುತ್ತಿದ್ದ ಜಾಗದಲ್ಲಿ ಚಾಪೆ ಹಾಸಿಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋದವರೂ ಅವರೇ.