ಪಟದೊಳಗಿನ ಬೊಟ್ಟು

ನಮ್ಮಮ್ಮ ಜೀವಮಾನದಲ್ಲಿ ಒಂದು ದಿನವೂ ಹಣೆಗೆ ಬೊಟ್ಟಿಟ್ಟವಳಲ್ಲ. ಆದರೂ ನನ್ನ ಮನೆಯ ಗೋಡೆಯ ಪಟದಲ್ಲಿ ಅವಳ ಹಣೆಯ ಮೇಲೆ ಕಾಸಿನಗಲದ ಕೆಂಪು ಬೊಟ್ಟಿದೆ. ಬಂದವರು ಒಮ್ಮೆ ಪಟ ನೋಡುತ್ತಾರೆ, ಒಮ್ಮೆ ಪಕ್ಕದ ಶಿಲುಬೆ ನೋಡುತ್ತಾರೆ. ಕೇಳಿದವರಿಗೆ ಹೇಳುತ್ತೇನೆ, ಕೇಳದೆ ಮೂಗು ಮುರಿಯುವವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಎಪ್ಪತ್ತರ ದಶಕದ ಮಾತು. ತುರುವೇಕೆರೆಯಲ್ಲಿ ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಸುತ್ತಲ ತೆಂಗಿನ ತೋಟಗಳ ಸುಟ್ಟ ಮೋಟಾರುಗಳು ವಿಭೂತಿ ಕುಂಕುಮ ಹಚ್ಚಿಸಿಕೊಂಡೇ ನಮ್ಮ ಜಗಲಿಗೆ ಬರುತ್ತಿದ್ದವು. ಅಪ್ಪ ಗ್ರೀಸು ಒರೆಸುತ್ತಿದ್ದರು, ಕುಂಕುಮ ಮುಟ್ಟುತ್ತಿರಲಿಲ್ಲ. ಬೀದಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಗಂಡ ಇದ್ದೂ ಹಣೆ ಬರಿದು ಬಿಟ್ಟುಕೊಂಡಿದ್ದಾಳಲ್ಲ ಎಂದು ಹೆಂಗಸರು ನೀರು ಸೇದುವಾಗ ಗೊಣಗುತ್ತಿದ್ದರು. ಅಮ್ಮ ಕ್ಯಾರೇ ಅನ್ನುತ್ತಿರಲಿಲ್ಲ.

ಒಂದು ಕ್ರಿಸ್ಮಸ್‌ಗೆ ಮುಂಚೆ ತಿಪಟೂರಿನ ಸ್ಟುಡಿಯೋದಲ್ಲಿ ಮೂವರೂ ಫೋಟೋ ತೆಗೆಸಿಕೊಂಡೆವು. ಕಟ್ಟು ಹಾಕಿದ ಪಟ ತರಲು ಹೋದಾಗ ಸ್ಟುಡಿಯೋದವರು ಅದನ್ನು ಹೆಮ್ಮೆಯಿಂದ ಎತ್ತಿ ಹಿಡಿದರು.

"ಅಮ್ಮಾರು ಅವಸರದಾಗೆ ಬೊಟ್ಟಿಡೋದು ಮರ್ತಿದ್ರು ಕಣ್ರೀ. ನಾನೇ ಬ್ರಷ್‌ನಾಗೆ ಇಟ್ಟಿವ್ನಿ. ಮುತ್ತೈದೆ ಹಣೆ ಬರಿದಾಗಿರಬಾರ್ದು ನೋಡಿ. ನಿಮ್ಮ ಆಯಸ್ಸು ಗಟ್ಟಿಯಾಗಿರ್ಲಿ."

ಕಪ್ಪು ಬಿಳುಪು ಫೋಟೋದಲ್ಲಿ ಅದೊಂದೇ ಕೆಂಪು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. "ಕೆರ್ದು ಕೊಡಿ ಅನ್ಲೇನೇ?" ಎಂದು ಅಮ್ಮನ ಕಿವಿಯಲ್ಲಿ ಕೇಳಿದರು.

"ಬ್ಯಾಡ ಬುಡಿ. ಆ ಪುಣ್ಯಾತ್ಮ ನೀವು ಬದುಕ್ಲಿ ಅಂತ ಇಟ್ಟವ್ನೆ. ಅದ್ನ ಕೆರ್ಸೋ ಕಲ್ಲೆದೆ ನಂಗಿಲ್ಲ" ಎಂದಳು ಅಮ್ಮ.

ತಿಂಗಳೊಪ್ಪತ್ತಿಗೆ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಮನೆ ಪ್ರಾರ್ಥನೆಗೆ ಬಂದರು. ಪಟ ಕಂಡದ್ದೇ ತಡ, ಹಾಡು ಅರ್ಧಕ್ಕೆ ನಿಂತಿತು. "ಇದೇನಮ್ಮಾ ಇದು? ಬ್ಲೇಡ್ ತಗೊಂಡು ಕೆರೆದುಬಿಡು. ಇಲ್ದಿದ್ರೆ ಈ ಭಾನುವಾರ ಪ್ರಭುಭೋಜನದ ರೊಟ್ಟಿ ನಿನಗಿಲ್ಲ."

"ಕೆರೆಯಲ್ಲ ಅಯ್ಯನೋರೇ. ನನ್ನ ಹಣೆ ಬರಿದಾಗೇ ಐತೆ, ನೋಡ್ಕೊಳ್ಳಿ. ಅದು ಆ ಮನುಷ್ಯ ಹಾರೈಸಿದ್ದು."

ಯೇಸುವಿನ ನೆನಪಿಗೆಂದು ಚರ್ಚಿನಲ್ಲಿ ಹಂಚುವ ಆ ರೊಟ್ಟಿ ಅಮ್ಮನಿಗೆ ಸಿಗಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಪಾಪಿಗಳಿಗೆಂದೇ ಮುರಿದ ರೊಟ್ಟಿಯನ್ನು ಒಂದು ಚುಕ್ಕೆ ಬಣ್ಣಕ್ಕೆ ತಡೆದರಲ್ಲ, ಅದೇನು ಅವರಪ್ಪನ ಮನೆ ಗಂಟೇ? ತಟ್ಟೆ ಹೆಂಗಸರ ಕಡೆ ಅಮ್ಮನನ್ನು ದಾಟಿ, ಗಂಡಸರ ಕಡೆ ಅಪ್ಪನ ಮುಂದೆ ಬಂತು. ಅಪ್ಪ ಕೈ ಮುಗಿದು ಅದನ್ನು ಹಾಗೇ ಮುಂದಕ್ಕೆ ಕಳಿಸಿದರು. ಆಮೇಲೂ ಅಷ್ಟೇ. ಇಬ್ಬರೂ ಮೊದಲ ಸಾಲಿನಲ್ಲೇ ಕೂತು, ಎಲ್ಲರಿಗಿಂತ ಜೋರಾಗಿ ಹಾಡಿ, ರೊಟ್ಟಿಯಿಲ್ಲದೆ ಮನೆಗೆ ಬರುತ್ತಿದ್ದರು.

ಎಂಬತ್ತರ ದಶಕದ ಮೊದಲಿಗೆ ಅಪ್ಪ ಹೋದರು. ಯಾರದೋ ತೋಟದಲ್ಲಿ ಮೋಟಾರು ಚಾಲೂ ಮಾಡಿ, ನೀರು ಹರಿಯುವುದನ್ನು ನೋಡುತ್ತ ಕೂತವರು ಏಳಲಿಲ್ಲ. ಎದೆನೋವು.

ಮನೆ ತುಂಬ ಬೀದಿಯ ಹೆಂಗಸರು. ಎದುರು ಮನೆಯ ಅಜ್ಜಿ ಅಮ್ಮನನ್ನು ಮಗಳಂತೆ ಕಂಡವರು. ಅವರು ಕಣ್ಣೊರೆಸಿಕೊಳ್ಳುತ್ತ ಗೋಡೆಯತ್ತ ನೋಡಿದರು. "ನಿನ್ನ ಹಣೇಲಂತೂ ಅಳ್ಸಕ್ಕೆ ಏನಿಲ್ಲ ಕಣವ್ವ. ಆ ಪಟದಾಗಿರೋದ್ನಾದ್ರೂ ಕೆರ್ಸು. ಗಂಡ ಹೋದ್ ಮ್ಯಾಲೆ ಅದು ಇರಬಾರ್ದು."

ಮಣ್ಣಿನ ಪ್ರಾರ್ಥನೆಗೆ ಬಂದಿದ್ದ ಅದೇ ಹಿರಿಯರು ಬಾಗಿಲಲ್ಲಿ ನಿಂತಿದ್ದರು. ಅವರೂ ಹೌದೆಂದು ತಲೆಯಾಡಿಸಿದರು. ಆಹಾ, ಬೀದಿಗೂ ಸಭೆಗೂ ಅವತ್ತೇ ಮೊದಲ ಸಲ ಒಮ್ಮತ ಬಂದಿತ್ತು!

ಅಮ್ಮ ಎದ್ದು ಪಟ ಇಳಿಸಿದಳು. "ಇವ್ರು ಇದ್ದಾಗ ಇರಬಾರ್ದು ಅಂದ್ರಿ. ಇವ್ರು ಹೋದ್ರು, ಈಗ್ಲೂ ಇರಬಾರ್ದು ಅಂತೀರಿ. ಇವ್ರು ರೊಟ್ಟಿ ಬುಟ್ಟಿದ್ದು ಈ ಬೊಟ್ಟಿಗೆ. ಯಾರಾದ್ರೂ ಮುಟ್ಟಿ ನೋಡಿ, ಹೇಳ್ತೀನಿ."

ಪಟವನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲೆ ನಿಲ್ಲಿಸಿಕೊಂಡು ಅಪ್ಪನ ತಲೆದೆಸೆಯಲ್ಲಿ ಕೂತಳು. ಅಜ್ಜಿ ಬಾಯಿಗೆ ಸೆರಗೊತ್ತಿಕೊಂಡು ಅವಳ ಪಕ್ಕಕ್ಕೆ ಬಂದು ಕೂತರು.

ಹಿರಿಯರು ಸತ್ಯವೇದ ತೆರೆದರು. ಕಣ್ಣು ಮುಚ್ಚಿ ಪ್ರಾರ್ಥಿಸೋಣ ಎಂದರು. ಎಲ್ಲರೂ ಮುಚ್ಚಿದರು. ಅಮ್ಮ ಮುಚ್ಚಲಿಲ್ಲ. ಪಟವನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಾರ್ಥನೆ ಮುಗಿಯುವವರೆಗೂ ಆ ಹಿರಿಯರನ್ನೇ ನೋಡುತ್ತ ಕೂತಿದ್ದಳು.